ವಂಶವೃಕ್ಷದಲ್ಲೊಂದು ತಪ್ಪು ಕ್ಲಿಕ್

ನಾನು ಕಡೂರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದ ಕಾಲ. ತರೀಕೆರೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದೆ. ನನ್ನ ಮುಂದೆ ಕೂರುತ್ತಿದ್ದವರೆಲ್ಲ ಆಗತಾನೆ ಪಿಯುಸಿ ಮುಗಿಸಿದ ಹುಡುಗಿಯರು. ಅವರ ನಡುವೆ ಒಂದು ದಿನ ಅರುವತ್ತು ದಾಟಿದ ಒಬ್ಬರು ಬಂದು ಕೂತರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಇಂಕ್ ಪೆನ್ನು. ಅಜ್ಜಂಪುರದಲ್ಲಿ ಪತ್ರ ಬರೆಯುವ ಕೆಲಸ, ಕನ್ನಡ ಟೈಪಿಂಗ್ ಕಲಿಯಬೇಕು ಎಂದರು.

ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಮೇಲೆ ಅವರಿಗೆ ಕೆಲಸ ಹೆಚ್ಚಾಗಿತ್ತು. ಅಲ್ಲಿಯವರೆಗೆ ಕಾಗದಪತ್ರಕ್ಕೆ ತರೀಕೆರೆಯ ಬಸ್ಸು ಹತ್ತುತ್ತಿದ್ದ ಸುತ್ತಲಿನ ಹಳ್ಳಿಯವರು ಈಗ ಅವರ ಅಂಗಡಿಯ ಮುಂದಿನ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಹೆಚ್ಚಿನವರು ಬರುತ್ತಿದ್ದದ್ದು ಪೌತಿ ಖಾತೆಗೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದು. ಅದಕ್ಕೆ ಮೊದಲು ವಂಶವೃಕ್ಷ ಬೇಕು: ಯಾರಿಗೆ ಯಾರು ಮಕ್ಕಳು, ಯಾರು ಇದ್ದಾರೆ, ಯಾರು ಇಲ್ಲ. ಅವರು ಅದನ್ನು ಸ್ಕೇಲು ಹಿಡಿದು ಕಾಗದದ ಮೇಲೆ ಗೆರೆ ಎಳೆದು ಬರೆಯುತ್ತಿದ್ದರು. ಅಕ್ಷರ ಬಹಳ ಚೆಂದ. ಆದರೆ ಎಲ್ಲ ಮುಗಿದ ಮೇಲೆ ಯಾರೋ ಒಬ್ಬರು, ಅಯ್ಯೋ ಚಿಕ್ಕವಳನ್ನು ಹೇಳುವುದೇ ಮರೆತೆವು ಎಂದರೆ ಇಡೀ ಹಾಳೆಯನ್ನು ಮತ್ತೆ ಬರೆಯಬೇಕು.

ಒಂದು ತಿಂಗಳು ಕಲಿತ ಮೇಲೆ ಅವರು ನನ್ನನ್ನು ಕೇಳಿದರು: “ಅಲ್ಲಮ್ಮಾ, ಈ ಮರನ ಕಂಪ್ಯೂಟರೇ ಬರ್ದುಕೊಡೋ ಹಂಗೆ ಮಾಡೋಕಾಗಲ್ವಾ?”

ಆಗುತ್ತದೆ ಎಂದುಬಿಟ್ಟೆ. ಹತ್ತು ವರ್ಷ ಪ್ರೋಗ್ರಾಮಿಂಗ್ ಪಾಠ ಮಾಡಿದ್ದೆನಾದರೂ, ಬೇರೆಯವರು ದಿನವೂ ಬಳಸುವಂಥದ್ದನ್ನು ಒಂದನ್ನೂ ನಾನು ಬರೆದಿರಲಿಲ್ಲ. ಅವರು ಕೇಳಿದ ಆ ಕ್ಷಣದಲ್ಲಿ ನನಗೆ ಅದು ಹೊಳೆದು ನಾಚಿಕೆಯಾಯಿತು. ಆಸೆಯೂ ಆಯಿತು.

ಕಂಪ್ಯೂಟರಿನಲ್ಲಿ ಫೋಲ್ಡರುಗಳು ಎಡಗಡೆ ಒಂದರೊಳಗಿಂದ ಒಂದು ಬಿಚ್ಚಿಕೊಳ್ಳುವುದನ್ನು ಎಲ್ಲರೂ ನೋಡಿರುತ್ತಾರೆ. ಅದನ್ನು ಟ್ರೀ ವ್ಯೂ ಎನ್ನುತ್ತಾರೆ. ನಾನು ಫೋಲ್ಡರುಗಳ ಜಾಗದಲ್ಲಿ ಮನುಷ್ಯರನ್ನಿಟ್ಟೆ. ಅಜ್ಜನ ಹೆಸರಿನ ಪಕ್ಕ ಒಂದು ಕೂಡುವ ಗುರುತು; ಅದನ್ನು ಒತ್ತಿದರೆ ಮಕ್ಕಳು, ಮಕ್ಕಳದನ್ನು ಒತ್ತಿದರೆ ಮೊಮ್ಮಕ್ಕಳು. ಯಾರದಾದರೂ ಹೆಸರನ್ನು ಒತ್ತಿದರೆ ಅವರ ವಯಸ್ಸು, ಊರು ತುಂಬುವ ಕಿಟಕಿ. ನೋಡಲು ಸುಲಭ. ಕಷ್ಟವೆಲ್ಲ ಇದ್ದದ್ದು ಆ ಒತ್ತುವುದರಲ್ಲೇ. ಮೌಸಿನ ಒಂದೊಂದು ಕ್ಲಿಕ್ಕೂ ಪ್ರೋಗ್ರಾಮಿಗೆ ಬಂದು ತಲುಪುವ ಒಂದು ಸುದ್ದಿ. ಯಾವ ಗುಂಡಿ ಒತ್ತಿದರು, ಯಾವ ಹೆಸರಿನ ಮೇಲೆ ಒತ್ತಿದರು, ಒತ್ತಿದ್ದು ಹೆಸರನ್ನೋ ಅದರ ಪಕ್ಕದ ಗುರುತನ್ನೋ, ಎಲ್ಲವನ್ನೂ ನಾವೇ ವಿಚಾರಿಸಿಕೊಂಡು ಉತ್ತರ ಬರೆಯಬೇಕು.

ಮೊದಲ ವಾರವೇ ನಾನು ಸರಿಯಾಗಿ ವಿಚಾರಿಸಿಲ್ಲ ಎನ್ನುವುದು ಗೊತ್ತಾಯಿತು. ಅವರು ಮಕ್ಕಳ ಪಟ್ಟಿ ಬಿಚ್ಚಲು ಕೂಡುವ ಗುರುತನ್ನು ಒತ್ತಿದಾಗಲೆಲ್ಲ ವಯಸ್ಸು ತುಂಬುವ ಕಿಟಕಿ ಎದುರು ಬಂದು ನಿಲ್ಲುತ್ತಿತ್ತು. ಗುರುತನ್ನು ಒತ್ತಿದರೂ ಹೆಸರನ್ನು ಒತ್ತಿದರೂ ಒಂದೇ ಸುದ್ದಿ ಬರುತ್ತದೆಂಬುದು ನನಗೆ ತಿಳಿದಿರಲಿಲ್ಲ. ಅವರು ಬೇಸರಪಡಲಿಲ್ಲ. ಕದ ತೆಗೆಯುವ ಮೊದಲೇ ಎದ್ದು ಬರುವ ಮನೆಯವರ ಹಾಗೆ ಮಾಡುತ್ತದಲ್ಲ ಎಂದು ನಕ್ಕರು. ಮೌಸ್ ನಿಂತ ಜಾಗ ಯಾವುದೆಂದು ನೋಡಿ ಮುಂದುವರಿಯುವಂತೆ ನಾನು ತಿದ್ದಿಕೊಟ್ಟೆ. ಹೆಸರಿನ ಮೇಲೆ ಬಲಗುಂಡಿ ಒತ್ತಿದರೆ ಒಂದು ಪುಟ್ಟ ಪಟ್ಟಿ ತೆರೆಯುವ ಹಾಗೂ ಮಾಡಿದೆ: ಮಗ ಸೇರಿಸಿ, ಮಗಳು ಸೇರಿಸಿ, ಮೃತ ಎಂದು ಗುರುತಿಸಿ, ತೆಗೆದುಹಾಕಿ. ಇದು ಅವರಿಗೆ ಬಹಳ ಹಿಡಿಸಿತು. ನಾಲ್ಕು ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಮನೆತನಗಳು ಅದರೊಳಗೆ ಸೇರಿದವು.

ಆಮೇಲೆ ಒಂದು ಶನಿವಾರ. ಹೊಸ ನಮೂನೆಯೊಂದರ ಪ್ರಿಂಟು ಸರಿಮಾಡಿಕೊಡಲು ನಾನು ಅಜ್ಜಂಪುರಕ್ಕೆ ಹೋಗಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಅರುವತ್ತರ ಹತ್ತಿರದ ಹೆಂಗಸೊಬ್ಬರು ಬಂದು ಮೇಜಿನ ಮೇಲೆ ಒಂದು ಕಾಗದದ ನಕಲು ಇಟ್ಟರು. ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು. ಕೂರಿ ಎಂದರೆ ಕೂರಲಿಲ್ಲ.

“ಇದ್ರಲ್ಲಿ ನಾನು ಸತ್ತೋಗಿದೀನಂತೆ,” ಎಂದರು. “ಯಾವತ್ತು ಸತ್ತೆ ಅಂತ ಕೇಳ್ಕೊಂಡು ಹೋಗಣ ಅಂತ ಬಂದೆ.”

ಅಜ್ಜಂಪುರದ ಹತ್ತಿರದ ಹಳ್ಳಿಯೊಂದು ಅವರ ತವರು. ಮದುವೆಯಾಗಿ ಹೋದದ್ದು ಸಖರಾಯಪಟ್ಟಣಕ್ಕೆ. ಗಂಡ ಇಲ್ಲ, ಮಕ್ಕಳಾಗಿರಲಿಲ್ಲ, ಮೂರು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದರು. ತಂದೆಯ ಹೆಸರಿನಲ್ಲೇ ಉಳಿದಿದ್ದ ಜಮೀನಿಗೆ ಪೌತಿ ಖಾತೆ ಮಾಡಿಸಲು ಅವರ ಅಣ್ಣನ ಮಗ ಅರ್ಜಿ ಹಾಕಿದ್ದ. ಅಣ್ಣನೂ ಇಲ್ಲ, ಮದುವೆಯಾಗದ ತಮ್ಮನೂ ಹಿಂದೆಯೇ ತೀರಿಕೊಂಡಿದ್ದ. ಸಾಕ್ಷಿ ಸಹಿಗೆಂದು ಹೋದ ನೆಂಟರೊಬ್ಬರು ವಂಶವೃಕ್ಷದಲ್ಲಿ ಇವರ ಹೆಸರಿನ ಮುಂದೆ ‘ಮೃತ’ ಎಂದಿರುವುದನ್ನು ನೋಡಿ ಫೋನು ಮಾಡಿದ್ದರು. ತೀರಿಹೋದ ತಮ್ಮ ಮಾತ್ರ ಕಾಗದದಲ್ಲಿ ಬದುಕಿದ್ದ.

ಪತ್ರ ಬರೆಯುವವರು ಅಣ್ಣನ ಮಗನನ್ನೂ ಫೋನು ಮಾಡಿ ಕರೆಸಿದರು. ನಲವತ್ತರ ಆಸುಪಾಸಿನವನು, ಈರುಳ್ಳಿ ಕೀಳಿಸುತ್ತಿದ್ದ ಹೊಲದಿಂದ ಕೈಕಾಲಿನ ಮಣ್ಣಿನ ಸಮೇತ ಬೈಕಿನಲ್ಲಿ ಬಂದ. ಕಾಗದ ನೋಡಿ ಅವನಿಗೂ ದಿಗಿಲಾಯಿತು. ತಾನು ಓದದೆ ಸಹಿ ಹಾಕಿದ್ದೆ, ಅತ್ತೆಯ ಹೆಸರನ್ನು ಸರಿಯಾಗಿಯೇ ಹೇಳಿದ್ದೆ ಎಂದು ಮತ್ತೆ ಮತ್ತೆ ಹೇಳಿದ. ಅತ್ತೆ ನಂಬಲಿಲ್ಲ. ಮಕ್ಕಳಿಲ್ಲದವಳು, ಸತ್ತಳು ಅಂದುಬಿಟ್ಟರೆ ಪಾಲು ಕೇಳುವವರು ಯಾರೂ ಇರುವುದಿಲ್ಲ ಅಂತ ತಾನೆ ಎಂದು ಕೇಳಿದರು. ಬೆಂಚಿನಲ್ಲಿ ಕೂತವರೆಲ್ಲ ತಲೆ ತಗ್ಗಿಸಿದರು. ಅವನು, ನನ್ನ ಮೇಲೆ ಇಂಥ ಮಾತು ಆಡಿದೆಯಲ್ಲ ಎಂದವನೇ ಎದ್ದು ಹೊರಟುಹೋದ.

ಪತ್ರ ಬರೆಯುವವರು ಬೀರುವಿನಿಂದ ತಮ್ಮ ಕೈಬರಹದ ಕರಡನ್ನು ತೆಗೆದರು. ಮನೆಯವರು ಹೇಳಿದ್ದನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಹಾಕುವುದು ಅವರ ರೂಢಿ. ಕರಡಿನಲ್ಲಿ ಈಕೆ ಬದುಕಿದ್ದರು, ತಮ್ಮ ತೀರಿಕೊಂಡಿದ್ದ. ಅವರು ಕರಡನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು.

“ಕೈತಪ್ಪಿ ಬೇರೆ ಹೆಸರನ್ನ ಒತ್ತಿರ್ಬೇಕು ಸಾರ್,” ಎಂದೆ ನಾನು.

ಅವರು, ಇರಬಹುದು ಎಂಬಂತೆ ತಲೆಯಾಡಿಸಿ, ಆ ಹೆಂಗಸಿಗೆ ಕೈ ಮುಗಿದು, ವಾರದೊಳಗೆ ಸರಿಮಾಡಿಕೊಡುವುದಾಗಿ ಹೇಳಿದರು. ಆಕೆ ನಕಲನ್ನು ಮಡಚಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ನನ್ನ ಜೀವನದಲ್ಲಿ ನಾನು ಆಡಬಾರದಿತ್ತು ಅನ್ನಿಸುವ ಮಾತುಗಳಲ್ಲಿ ಅಂದು ಸಾರ್‌ಗೆ ಹೇಳಿದ್ದು ಒಂದು.

ಭಾನುವಾರ ಇಡೀ ದಿನ ಮನೆಯಲ್ಲಿ ಕೂತು ಪರೀಕ್ಷೆ ಮಾಡಿದೆ. ಹೆಸರನ್ನು ಆರಿಸುವುದು, ಬಲಗುಂಡಿ ಒತ್ತುವುದು, ಮೃತ ಎಂದು ಗುರುತಿಸುವುದು. ಇಪ್ಪತ್ತು ಸಲ ಮಾಡಿದರೂ ಸರಿಯಾಗಿಯೇ ಬಂತು. ನನ್ನದೇನೂ ತಪ್ಪಿಲ್ಲ ಎಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತಾಯಿ, ನಮ್ಮ ಅಮ್ಮಿ, ಮಧ್ಯಾಹ್ನ ಊಟಕ್ಕೆ ಕರೆದಾಗ ನಡೆದದ್ದನ್ನೆಲ್ಲ ಹೇಳಿದೆ. ಮನೆಯಲ್ಲಿ ನಾವು ಮಾತಾಡುವುದು ದಖ್ಖನಿ ಉರ್ದು. ಅಮ್ಮಿಗೆ ಕಂಪ್ಯೂಟರಿನ ಗಂಧವಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ: ಅವರು ಅದನ್ನು ಮಾಡುವಾಗ ನೀನು ಪಕ್ಕದಲ್ಲಿ ಕೂತು ನೋಡಿದ್ದೀಯಾ? ತರೀಕೆರೆಯಲ್ಲಿ ಟೈಲರ್ ಆಗಿದ್ದ ನಮ್ಮ ಅಬ್ಬಾ ಅಂಗಿ ಹೊಲಿದ ಮೇಲೆ ಗಿರಾಕಿಗೆ ತೊಡಿಸಿ, ಕೂರಿಸಿ, ಕೈ ಎತ್ತಿಸಿ ನೋಡದೆ ಕಳಿಸುತ್ತಿರಲಿಲ್ಲವಂತೆ. ನೀನು ಅಳತೆ ತೆಗೆದದ್ದು ನಿನ್ನ ಕೈಯದನ್ನು, ಅವರದನ್ನಲ್ಲ ಎಂದರು ಅಮ್ಮಿ.

ಸೋಮವಾರ ಕೇಂದ್ರಕ್ಕೆ ರಜೆ ಹಾಕಿ ಅಜ್ಜಂಪುರದ ಬಸ್ಸು ಹಿಡಿದೆ. ಸಾರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅದೇ ಕರಡನ್ನು ಇಟ್ಟುಕೊಂಡು ಅದೇ ಮನೆತನವನ್ನು ನೀವೇ ಹೊಸದಾಗಿ ಹಾಕಿ ಸಾರ್, ನಾನು ಬಾಯಿ ಬಿಡುವುದಿಲ್ಲ ಎಂದೆ. ಅವರು ಕನ್ನಡಕ ಒರೆಸಿಕೊಂಡು ಶುರುಮಾಡಿದರು. ಅಜ್ಜ, ಅಜ್ಜಿ, ದೊಡ್ಡ ಮಗ, ಮಗಳು, ಚಿಕ್ಕ ಮಗ. ಮಗಳ ಹೆಸರನ್ನು ಎಡಗುಂಡಿಯಿಂದ ಆರಿಸಿ ಆಕೆಯ ಗಂಡನ ಊರು ತುಂಬಿದರು. ಆಮೇಲೆ ಮೌಸನ್ನು ಕೆಳಗೆ ತಂದು, ಚಿಕ್ಕ ಮಗನ ಹೆಸರಿನ ಮೇಲೆ ನೇರವಾಗಿ ಬಲಗುಂಡಿ ಒತ್ತಿದರು. ಆ ಹೆಸರು ನೀಲಿಯಾಯಿತು, ಪಟ್ಟಿ ತೆರೆಯಿತು, ‘ಮೃತ ಎಂದು ಗುರುತಿಸಿ’ ಒತ್ತಿದರು. ಪಟ್ಟಿ ಮುಚ್ಚಿಕೊಂಡಿತು. ನೀಲಿ ಬಣ್ಣ ಮೆಲ್ಲನೆ ಮೇಲಿನ ಹೆಸರಿಗೆ ಹೋಗಿ ಕೂತಿತು. ಮಗಳ ಪಕ್ಕದಲ್ಲಿ, ಕಂಡೂ ಕಾಣದ ಹಾಗೆ, ತೀರಿಕೊಂಡವರಿಗೆಂದು ನಾನು ಇಟ್ಟಿದ್ದ ಗುರುತು, ಒಂದು ಬೂದು ಚುಕ್ಕೆ ಮೂಡಿತು.

ಮೊದಲು ಎಡಗುಂಡಿಯಿಂದ ಹೆಸರನ್ನು ಆರಿಸಿ ಆಮೇಲೆ ಬಲಗುಂಡಿ ಒತ್ತುವುದು ನನ್ನ ಅಭ್ಯಾಸ. ಪರೀಕ್ಷೆಯನ್ನೂ ಹಾಗೆಯೇ ಮಾಡಿದ್ದೆ. ಅವರೂ ಶುರುವಿನಲ್ಲಿ ಹಾಗೆಯೇ ಮಾಡುತ್ತಿದ್ದರು. ಕೈ ಪಳಗಿದ ಮೇಲೆ, ಈಚೆಗೆ ಕೆಲವು ದಿನಗಳಿಂದ, ನೇರವಾಗಿ ಬಲಗುಂಡಿ ಒತ್ತಿದರೂ ಪಟ್ಟಿ ತೆರೆಯುತ್ತದೆಂದು ಕಂಡುಕೊಂಡು ಒಂದು ಕ್ಲಿಕ್ಕು ಉಳಿಸಿದ್ದರು. ಯಾರಾದರೂ ಹಾಗೆಯೇ ಮಾಡುತ್ತಾರೆ. ಆದರೆ ಬಲಗುಂಡಿ ಒತ್ತಿದಾಗ ಹೆಸರು ನೀಲಿಯಾಗುವುದು ಬರೀ ತೋರಿಕೆಗೆ. ಒಳಗೆ ಆಯ್ಕೆ ಹಿಂದಿನ ಹೆಸರಿನ ಮೇಲೆಯೇ ಇರುತ್ತದೆ. ನನ್ನ ಪ್ರೋಗ್ರಾಮು ಯಾರ ಮೇಲೆ ಒತ್ತಿದರು ಎಂದು ಕೇಳುತ್ತಿರಲಿಲ್ಲ, ಯಾರು ಆಯ್ಕೆಯಾಗಿದ್ದಾರೆ ಎಂದು ಮಾತ್ರ ಕೇಳುತ್ತಿತ್ತು.

ಅಲ್ಲೇ ಕೂತು ಸರಿಮಾಡಿದೆ. ಬಲಗುಂಡಿಯ ಸುದ್ದಿ ಬಂದೊಡನೆ, ಒತ್ತಿದ ಹೆಸರನ್ನೇ ಆಯ್ಕೆ ಮಾಡಿಕೋ ಎಂದು ಹೇಳುವ ಒಂದೇ ಒಂದು ಸಾಲು. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಸಾರ್ ಕಡೆ ತಿರುಗಿ, ತಪ್ಪು ನಿಮ್ಮ ಕೈಯದಲ್ಲ, ನನ್ನದು, ಮೊನ್ನೆ ಎಲ್ಲರ ಮುಂದೆ ನಿಮ್ಮ ಮೇಲೆ ಹಾಕಿದೆ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎರಡು ದಿನದಿಂದ ಇನ್ನು ಈ ಕೆಲಸ ಬಿಟ್ಬಿಡಣ ಅಂತಿದ್ದೆ ಕಣಮ್ಮಾ,” ಎಂದರು. “ಕಣ್ಣು ಹೋಯ್ತು, ಕೈ ಹೋಯ್ತು ಅಂದ್ಕೊಂಡಿದ್ದೆ.”

ಆ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ.

ಟೈಪಿಂಗ್ ದೋಷ ಎಂದು ಬರೆದು ಹೊಸ ಕಾಗದ ಕೊಟ್ಟರಾಯಿತು, ನಿನ್ನ ಹೆಸರು ಎಲ್ಲೂ ಬರುವುದು ಬೇಡ ಎಂದು ಅವರು ಹೇಳಿದರು. ನನ್ನ ಮೊದಲ ಕೆಲಸ ಇದು, ಸುದ್ದಿ ಹಬ್ಬಿದರೆ ಇನ್ನೊಬ್ಬರು ನನ್ನನ್ನು ಹತ್ತಿರ ಸೇರಿಸುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಕಾಗದವೇನೋ ಸರಿಹೋಗುತ್ತದೆ ಸಾರ್, ಆ ಅತ್ತೆ ಅಳಿಯನ ನಡುವೆ ಬಿದ್ದ ಮಾತು ಸರಿಹೋಗುತ್ತದೆಯೇ ಎಂದೆ. ಅವರು ಬೀರು ತೆರೆದು ಎಲ್ಲ ಕರಡುಗಳ ಕಟ್ಟನ್ನು ಮೇಜಿನ ಮೇಲೆ ಹಾಕಿದರು. ಅವರು ಕರಡು ಓದುವುದು, ನಾನು ಪರದೆಯಲ್ಲಿ ನೋಡುವುದು. ಸಂಜೆಯ ಬಸ್ಸಿನ ಹೊತ್ತಿಗೆ ಐವತ್ತು ಚಿಲ್ಲರೆ ಮನೆತನಗಳನ್ನೂ ನೋಡಿ ಮುಗಿಸಿದೆವು. ಇನ್ನೆರಡು ಕಡೆ ಇದೇ ತಪ್ಪಾಗಿತ್ತು. ಅದೃಷ್ಟಕ್ಕೆ ಆ ಎರಡೂ ಕಾಗದಗಳು ಇನ್ನೂ ಕಚೇರಿ ಸೇರಿರಲಿಲ್ಲ. ಆ ಮನೆಗಳಿಗೆ ಸಾರ್ ತಾವೇ ಹೋಗಿ ಬದಲಾಯಿಸಿಕೊಟ್ಟರು. ಸಖರಾಯಪಟ್ಟಣಕ್ಕೆ ಮರುದಿನ ನಾನು ಹೊರಟೆ.

ಕಡೂರಿನಿಂದ ಬಸ್ಸು. ಹೆಗಲಲ್ಲಿ ಲ್ಯಾಪ್‌ಟಾಪು, ಮೌಸು. ಏನೆಂದು ಶುರುಮಾಡುವುದು ಎಂದು ದಾರಿಯುದ್ದಕ್ಕೂ ಯೋಚಿಸಿದರೂ ಸರಿಯಾದ ಒಂದು ವಾಕ್ಯ ಸಿಗಲಿಲ್ಲ. ಆಕೆ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ನನ್ನ ಗುರುತು ಹಿಡಿದರು, ಆದರೆ ಬಾ ಎನ್ನಲಿಲ್ಲ. ನಾನು ನಿಂತೇ ಹೇಳಿದೆ, ಆ ತಪ್ಪು ನನ್ನಿಂದ ಆದದ್ದು, ನಿಮ್ಮ ಅಳಿಯನಿಂದಲ್ಲ ಎಂದು. ಆಕೆ ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಕೂತರು. ನನಗೂ ಜಾಗ ತೋರಿಸಿದರು.

“ಅವ್ನು ಕಳ್ಸಿದ್ನಾ ನಿನ್ನ?”

ಇಲ್ಲ, ನಾನು ಬಂದಿರುವುದು ಅವರಿಗೆ ಗೊತ್ತೇ ಇಲ್ಲ ಎಂದೆ. ಲ್ಯಾಪ್‌ಟಾಪು ಬಿಚ್ಚಿ, ತಿದ್ದುವ ಮೊದಲಿನ ಪ್ರೋಗ್ರಾಮನ್ನೇ ತೆರೆದೆ. ಹೆಸರು ಓದುವಷ್ಟು ಅಕ್ಷರ ಆಕೆಗೆ ಬರುತ್ತಿತ್ತು. ನಿಮ್ಮ ಹೆಸರು ಇಲ್ಲಿದೆ, ಇದು ನಿಮ್ಮ ತಮ್ಮನದು, ನೋಡಿ, ನಾನು ಒತ್ತುತ್ತಿರುವುದು ತಮ್ಮನ ಹೆಸರನ್ನು ಎಂದು ತೋರಿಸುತ್ತ ಮಾಡಿದೆ. ಬೂದು ಚುಕ್ಕೆ ಆಕೆಯ ಹೆಸರಿನ ಪಕ್ಕ ಬಂತು. ಇನ್ನೊಂದು ಸಲ ಮಾಡು ಎಂದರು. ಮಾಡಿದೆ. ಮೂರನೆಯ ಸಲ ತಾವೇ ನನ್ನ ಕೈಯಿಂದ ಮೌಸು ತೆಗೆದುಕೊಂಡರು. ಯಾವ ಗುಂಡಿ ಎಂದು ನಾನು ಬೆರಳು ಇಡಿಸಿದೆ. ಆಕೆ ತಮ್ಮನ ಹೆಸರಿನ ಮೇಲೆ ಒತ್ತಿದರು. ಮತ್ತೆ ಸತ್ತದ್ದು ಆಕೆಯೇ.

ಆಕೆ ನಗುತ್ತಾರೋ ಸಿಟ್ಟಾಗುತ್ತಾರೋ ಎಂದು ನಾನು ಮುಖ ನೋಡಿದೆ. ಎರಡೂ ಇರಲಿಲ್ಲ. ಕಣ್ಣು ಒದ್ದೆಯಾಗಿತ್ತು.

“ನಮ್ಮಣ್ಣನ ಮಗಂಗೆ ಎರಡು ವರ್ಷ ಆಗಿದ್ದಾಗ ಅವರಮ್ಮ ಹೋದ್ಲು,” ಎಂದರು. “ನಾನು ಮದ್ವೆ ಆಗೋಗಂಟ ಅವ್ನು ಮಲಗ್ತಿದ್ದಿದ್ದು ನನ್ನ ಪಕ್ಕದಲ್ಲೇ. ಅಂಥವ್ನಿಗೆ ಅಷ್ಟು ಜನದ ಮುಂದೆ ಅಂದ್ಬಿಟ್ಟೆ ನಾನು.”

ತಮ್ಮ ಫೋನಿನಿಂದ ಮಾಡಿದರೆ ಅವನು ಎತ್ತುವುದಿಲ್ಲ ಎಂದು ನನ್ನ ಫೋನು ಕೇಳಿದರು. ನಂಬರು ಅವರಿಗೆ ಬಾಯಿಪಾಠವಾಗಿತ್ತು. ಅವನು ಎತ್ತಿದ. ಆಕೆ ಸುತ್ತುಬಳಸಿ ಏನೂ ಹೇಳಲಿಲ್ಲ.

“ನಾನು ಕಣೋ, ಅತ್ತೆ. ಆ ಕಾಗ್ದದ ತಪ್ಪು ಕಂಪ್ಯೂಟರಿಂದಂತೆ. ನಿಂದಲ್ಲ. ನಾನೇ ಸುಮ್ಸುಮ್ನೆ ನಿನ್ನ ಅಂದೆ.”

ಕರೆ ಕಡಿದುಹೋಯಿತೇನೋ ಎಂದು ಆಕೆ ಫೋನನ್ನು ಕಿವಿಯಿಂದ ತೆಗೆದು ನೋಡಿದರು. ಆಗ ಅವನ ದನಿ ನನಗೂ ಕೇಳಿಸಿತು.

“ಊಟ ಆಯ್ತಾ ಅತ್ತೆ?”

ಇನ್ನೂ ಇಲ್ಲ ಎಂದರು ಆಕೆ. ಆಮೇಲೆ ಈರುಳ್ಳಿ ಎಷ್ಟು ಬಂತು, ಮಳೆ ಬರುವುದರೊಳಗೆ ಕಿತ್ತಾಯಿತೇ, ಮಗಳ ಜ್ವರ ಬಿಟ್ಟಿತೇ ಎಂದು ವಿಚಾರಿಸುತ್ತ ಕೊಟ್ಟಿಗೆಯ ಕಡೆ ನಡೆದರು. ನನ್ನ ಫೋನು ಅರ್ಧ ಗಂಟೆ ಅವರ ಬಳಿಯೇ ಇತ್ತು. ಮರಳಿ ಕೊಡುವಾಗ, ತಪ್ಪು ಕಂಪ್ಯೂಟರಿನದಲ್ಲ ಅಮ್ಮ, ನಾನು ಬರೆದದ್ದರಲ್ಲಿ ಇದ್ದದ್ದು ಎಂದು ಮತ್ತೊಮ್ಮೆ ಹೇಳಿದೆ.

“ಗೊತ್ತಾಯ್ತು ಕಣೇ,” ಎಂದರು. “ಕಂಪ್ಯೂಟರ್ ಆಗಿದ್ರೆ ಬಸ್ ಹತ್ತಿ ಬರ್ತಿತ್ತಾ?” ಎಂದು ಹೇಳಿ, ರಾಗಿ ರೊಟ್ಟಿಯ ಜೊತೆ ಗಟ್ಟಿ ಮೊಸರು ಬಡಿಸಿದರು.

ಹೊಸ ವಂಶವೃಕ್ಷಕ್ಕೆ ಅತ್ತೆ ಅಳಿಯ ಇಬ್ಬರೂ ಒಂದೇ ಬೈಕಿನಲ್ಲಿ ಅಜ್ಜಂಪುರಕ್ಕೆ ಬಂದರು. ಅಷ್ಟರಲ್ಲಿ ನಾನು ಇನ್ನೂ ಎರಡು ಬದಲಾವಣೆ ಮಾಡಿದ್ದೆ. ಯಾರನ್ನಾದರೂ ಮೃತ ಎಂದು ಗುರುತಿಸಲು ಹೊರಟರೆ ಅವರ ಹೆಸರು ದಪ್ಪ ಅಕ್ಷರದಲ್ಲಿ ಎದುರು ಬಂದು, ಇವರೇ ಹೌದೇ ಎಂದು ಕೇಳುತ್ತಿತ್ತು. ಬೂದು ಚುಕ್ಕೆಯ ಬದಲು ಹೆಸರಿನ ಮುಂದೆ ‘ಮೃತ’ ಎಂದು ಪರದೆಯ ಮೇಲೆಯೇ ಬರುತ್ತಿತ್ತು. ಸಾರ್ ತಮ್ಮ ಕಡೆಯಿಂದ ಒಂದು ನಿಯಮ ಸೇರಿಸಿದರು: ಪ್ರಿಂಟು ಆದ ಕಾಗದವನ್ನು ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳುವುದು. ಅಂದು ಅವರು ಓದಿದರು. ತಮ್ಮ ಹೆಸರು ಬಂದಾಗ ಆ ಹೆಂಗಸು ಶಾಲೆಯ ಹಾಜರಿಯಲ್ಲಿ ಹೇಳುವಂತೆ, ಇದೀನಿ ಎಂದರು. ಬೆಂಚಿನಲ್ಲಿ ಕೂತಿದ್ದವರೂ ನಕ್ಕರು, ಅಳಿಯನೂ ನಕ್ಕ.

ಸುದ್ದಿ ಹಬ್ಬಿತು, ನಾವು ಹೆದರಿದ ಹಾಗೆಯೇ. ಹಬ್ಬಿಸಿದವರು ಸಾರ್. ಕಡೂರು, ತರೀಕೆರೆಯ ತಮ್ಮ ಕಸುಬಿನವರು ಸಿಕ್ಕಾಗಲೆಲ್ಲ ಇದನ್ನು ಒಂದು ಅಕ್ಷರ ಬಿಡದೆ ಹೇಳಿದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡಿದ್ದೆ. ಎರಡು ತಿಂಗಳ ಮೇಲೆ ತರೀಕೆರೆಯ ಒಬ್ಬರು ಫೋನು ಮಾಡಿ, ತಪ್ಪಾದರೆ ಬಂದು ಹೇಳುತ್ತೀರಂತಲ್ಲ, ನಮಗೂ ಒಂದು ಮಾಡಿಕೊಡಿ ಎಂದರು. ಆಮೇಲೆ ಇನ್ನೊಬ್ಬರು. ಈಗ ವಾರದಲ್ಲಿ ಮೂರು ದಿನ ಮಾತ್ರ ಪಾಠಕ್ಕೆ ಹೋಗುತ್ತೇನೆ. ಉಳಿದ ದಿನ ಇದೇ ಕೆಲಸ.

ಪ್ರೋಗ್ರಾಮು ಕೊಟ್ಟ ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಬಳಸುವವರ ಪಕ್ಕದಲ್ಲಿ ಕೂರುತ್ತೇನೆ. ಹೀಗೆ ಮಾಡಿ, ಹಾಗೆ ಮಾಡಿ ಎನ್ನುವುದಿಲ್ಲ. ಕೈಯನ್ನಷ್ಟೇ ನೋಡುತ್ತೇನೆ. ಒಬ್ಬರು ಎಲ್ಲವನ್ನೂ ಎರಡೆರಡು ಸಲ ಒತ್ತುತ್ತಾರೆ. ಒಬ್ಬರು ಒತ್ತಿದ ಮೇಲೆ ಗುಂಡಿ ಬಿಡುವುದನ್ನೇ ಮರೆತು ಹೆಸರನ್ನು ಎಳೆದುಕೊಂಡು ಹೋಗುತ್ತಾರೆ. ಕಳೆದ ವಾರ ಕಡೂರಿನಲ್ಲಿ, ಇತ್ತೀಚೆಗೆ ಪತ್ರ ಬರೆಯುವ ಕೆಲಸ ಶುರುಮಾಡಿದ ಹೆಣ್ಣುಮಗಳೊಬ್ಬಳ ಅಂಗಡಿಯಲ್ಲಿ ಕೂತಿದ್ದೆ. ಆಕೆ ಮೌಸನ್ನು ಕೀಬೋರ್ಡಿನ ಎಡಕ್ಕೆ ಇಟ್ಟುಕೊಂಡು, ಎರಡು ಗುಂಡಿಗಳನ್ನೂ ಅದಲುಬದಲು ಮಾಡಿಕೊಂಡಿದ್ದಳು. ಎಡಗೈ ಬಳಸುವವಳು. ಹೀಗಿರುವವರಿಗೆ ನನ್ನ ಪ್ರೋಗ್ರಾಮಿನಲ್ಲಿ ಎಲ್ಲ ಸರಿಯಾಗಿ ಬರುತ್ತದೆಯೇ ಎಂದು ನಾನು ಯಾವತ್ತೂ ನೋಡಿರಲಿಲ್ಲ. ಕುರ್ಚಿಯನ್ನು ಆಕೆಯ ಎಡಗಡೆಗೆ ಎಳೆದುಕೊಂಡು, ನೀನು ನಿನ್ನ ಪಾಡಿಗೆ ಮಾಡು ತಾಯಿ ಎಂದೆ.